ಪದ ಪರಿಚಯ: ಹೆಣೆದುಕೊಂಡ ಕಳಂಕ

ಇಂಗ್ಲಿಷಿನ 'ಇಂಟರ್‌ಸೆಕ್ಷನಲ್ ಸ್ಟಿಗ್ಮಾ'ವನ್ನು 'ಛೇದಕ ಕಳಂಕ' ಅನ್ನಬಹುದು. ಆದರೆ ಛೇದ ಅಂದರೆ ಕತ್ತರಿಸುವುದು. ಇಲ್ಲಿ ಬಡತನ, ಹೆಣ್ಣಾಗಿರುವುದು, ಕಾಯಿಲೆ ಹೀಗೆ ಬೇರೆ ಬೇರೆ ಕಾರಣಕ್ಕೆ ಒಬ್ಬರಿಗೇ ಅಂಟುವ ಕಳಂಕಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಹಾಗಾಗಿ ನನಗೆ 'ಹೆಣೆದುಕೊಂಡ ಕಳಂಕ'ವೇ ಸರಿ ಅನ್ನಿಸುತ್ತದೆ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಒಬ್ಬ ಹೆಂಗಸು ಅಂದುಕೊಳ್ಳಿ. ತಿಂಗಳುಗಟ್ಟಲೆ ನಿದ್ದೆಯಿಲ್ಲ. 'ಎದೆ ಭಾರ, ತಲೆ ಉರಿ' ಅನ್ನುತ್ತಾಳೆ. ಖಿನ್ನತೆ ಅನ್ನುವ ಪದ ಅವಳ ಬಾಯಲ್ಲಿ ಬರುವುದಿಲ್ಲ. ಆಸ್ಪತ್ರೆಗೆ ಹೋದರೆ ಒಂದು ದಿನದ ಸಂಬಳ ಹೋಯಿತು. ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು ಗೊತ್ತಾದರೆ 'ತಲೆ ಕೆಟ್ಟವಳು' ಅಂತ ತವರಿಗೆ ಕಳಿಸಿಬಿಟ್ಟಾರು ಅನ್ನುವ ಭಯ. ಅಂತೂ ಹೋದಳು. ಡಾಕ್ಟರು ಪಕ್ಕದಲ್ಲಿ ಕೂತ ಗಂಡನನ್ನು ನೋಡಿ ಕೇಳುತ್ತಾರೆ: 'ಇವರಿಗೆ ಏನಾಗುತ್ತೆ?'

ಬಡತನಕ್ಕೆ ಇಷ್ಟು, ಹೆಣ್ಣಾದದ್ದಕ್ಕೆ ಇಷ್ಟು, ಕಾಯಿಲೆಗೆ ಇಷ್ಟು ಅಂತ ಇದನ್ನು ಸುಮ್ನೆ ಕೂಡಿಸಲಾಗದು. ಒಂದು ಎಳೆ ಇನ್ನೊಂದನ್ನು ಬಿಗಿ ಮಾಡುತ್ತದೆ. ಅದೇ ಕಾಯಿಲೆ ಗಂಡನಿಗೆ ಬಂದಿದ್ದರೆ ಅವನನ್ನು ಯಾರೂ ಮನೆಯಿಂದ ಕಳಿಸುತ್ತಿರಲಿಲ್ಲ, ಅಲ್ವಾ?

ಎಳೆಗಳು ಹೀಗೆ ಹೆಣೆದುಕೊಳ್ಳುವ ಯೋಚನೆಗೆ 1989ರಲ್ಲಿ 'ಇಂಟರ್‌ಸೆಕ್ಷನಾಲಿಟಿ' ಅನ್ನುವ ಹೆಸರು ಕೊಟ್ಟವರು ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ. ಕಾರು ಕಂಪನಿ ಜನರಲ್ ಮೋಟಾರ್ಸ್ ಭೇದ ಮಾಡಿದೆ ಅಂತ ಐವರು ಕಪ್ಪು ಹೆಂಗಸರು ಹೂಡಿದ್ದ ದಾವೆಯನ್ನು ಅವರು ಎತ್ತಿಕೊಂಡರು. ಕಂಪನಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿತ್ತು, ಅವರು ಬಿಳಿಯರು. ಕಪ್ಪು ಜನರನ್ನೂ ತೆಗೆದುಕೊಂಡಿತ್ತು, ಅವರು ಗಂಡಸರು. ಬಣ್ಣ, ಲಿಂಗ ಎರಡನ್ನೂ ಸೇರಿಸಿ ನೋಡಲು ಕೋರ್ಟ್ ಒಪ್ಪಲಿಲ್ಲ. ಕಪ್ಪು ಹೆಂಗಸರ ಕಷ್ಟ ಯಾವ ಲೆಕ್ಕಕ್ಕೂ ಬರಲಿಲ್ಲ.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಲಿಂಗ, ಲೈಂಗಿಕ ಒಲವು, ಧರ್ಮ, ಜಾತಿ, ವರ್ಗ, ಅಂಗವೈಕಲ್ಯ ಯಾವುದರ ಮೇಲೂ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅನ್ನುತ್ತದೆ. ಒಳ್ಳೆಯ ಪಟ್ಟಿ. ಆದರೆ ಪಟ್ಟಿಯಲ್ಲಿ ಎಲ್ಲವೂ ಬಿಡಿಬಿಡಿ, ಬದುಕಿನಲ್ಲಿ ಹಾಗಲ್ಲ.

ಕಳಂಕ ತಗ್ಗಿಸುವ ಕೆಲಸವೂ ಆ ಗಂಟಿನಲ್ಲೇ ಶುರುವಾಗಬೇಕು. 2022ರಲ್ಲಿ ಬಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ. ಕನ್ನಡದಲ್ಲೂ ಮಾತಾಡಬಹುದು, ದಿನದ ಯಾವ ಹೊತ್ತಿಗಾದರೂ. ಪೀಣ್ಯದ ಆ ಹೆಂಗಸಿನ ಸಂಬಳ ಉಳಿಯಿತು, ಯಾರೂ ನೋಡುವುದೂ ಇಲ್ಲ. ಆದರೆ ಮನೆಯ ಒಂದೇ ಫೋನ್ ಗಂಡನ ಜೇಬಿನಲ್ಲಿದ್ದರೆ? ಆಗ ಆಸ್ಪತ್ರೆಯಲ್ಲೇ ದಾರಿ ಆಗಬೇಕು. ಡಾಕ್ಟರು ಗಂಡನನ್ನು ಹತ್ತು ನಿಮಿಷ ಹೊರಗೆ ಕೂರಿಸಿ, ಬಾಗಿಲು ಹಾಕಿ, 'ನೀವೇ ಹೇಳಮ್ಮ' ಅನ್ನಬೇಕು.