ಹಳೇ ಚೀಟಿಯ ಮಾತ್ರೆ

ದಾವಣಗೆರೆಯಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದದ್ದು 1965ರಲ್ಲಿ. ಆಮೇಲೆ ಆಸ್ಪತ್ರೆಗಳು ಬೆಳೆದವು, ಕ್ಲಿನಿಕ್‌ಗಳು ಸಾಲುಗಟ್ಟಿದವು. ಜಗಳೂರು, ಹೊನ್ನಾಳಿ, ಹರಪನಹಳ್ಳಿ, ಹೊಳಲ್ಕೆರೆ ಕಡೆಯ ಜನ ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಇಲ್ಲಿಗೇ ಬಸ್ ಹತ್ತುತ್ತಾರೆ. ಎದೆ ಡವಡವ, ಗಾಬರಿ, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಬಂದವರು ವಾಪಸ್ ಹೋಗುವಾಗ ಅವರ ಚೀಟಿಯಲ್ಲಿ ಆಲ್ಪ್ರಜೋಲಮ್ ಅಥವಾ ಕ್ಲೊನಜೆಪಾಮ್ ಅನ್ನೋ ಗಾಬರಿ ಇಳಿಸುವ ಮಾತ್ರೆ ಇರುವುದು ತೀರಾ ಸಾಮಾನ್ಯ. ಬರೆದಿರುವುದು ಎರಡು ವಾರಕ್ಕೆ. ಆಮೇಲೆ ಬಂದು ತೋರಿಸಿ ಅಂತ ಹೇಳಿಯೂ ಇರುತ್ತಾರೆ.

ಬರುವುದು ಎಲ್ಲಿ? ಬಸ್ ಚಾರ್ಜು, ಒಂದು ದಿನದ ಕೂಲಿ, ಮತ್ತೆ ಡಾಕ್ಟರ್ ಫೀಸು. ಊರಿನ ಮೆಡಿಕಲ್ ಶಾಪಿನಲ್ಲಿ ಅದೇ ಚೀಟಿ ತೋರಿಸಿದರೆ ಮಾತ್ರೆ ಸಿಗುತ್ತದೆ. ಆರು ತಿಂಗಳಾದ ಮೇಲೆ ಚೀಟಿಯೂ ಬೇಡ, ಖಾಲಿ ಸ್ಟ್ರಿಪ್ ಸಾಕು. ಹೀಗೆ ಎರಡು ವಾರದ ಮಾತ್ರೆ ಎಂಟು ವರ್ಷ ನಡೆಯುತ್ತದೆ. ಮಾತ್ರೆಯಲ್ಲಿ ದೋಷವಿಲ್ಲ. ಅದಕ್ಕೊಂದು ಅವಧಿ ಇದೆ, ಆ ಅವಧಿ ಮುಗಿಯಿತು ಅಂತ ಹೇಳುವವರು ಯಾರೂ ಇಲ್ಲ, ಅಷ್ಟೇ. ಇದು ನಮ್ಮೂರಲ್ಲಿ ಮಾತ್ರ ಆದದ್ದಲ್ಲ, ಇವತ್ತು ಆದದ್ದೂ ಅಲ್ಲ.

ಗಾಬರಿಗೆ, ನಿದ್ದೆಗೆ ಮಾತ್ರೆ ಕೊಡುವ ಪದ್ಧತಿಗೆ ನೂರು ವರ್ಷ ದಾಟಿದೆ. 1903ರಲ್ಲಿ ಜರ್ಮನಿಯಲ್ಲಿ ಬಾರ್ಬಿಟಾಲ್ ಬಂತು. 1912ರಲ್ಲಿ ಫಿನೋಬಾರ್ಬಿಟಾಲ್. ಎರಡನೆಯದು ನಮ್ಮ ಹಳ್ಳಿಗಳಿಗೂ ಗೊತ್ತು. ಮೂರ್ಛೆರೋಗದವರು ಗಾರ್ಡಿನಾಲ್ ಮಾತ್ರೆ ಅಂತ ಕರೆಯುವುದು ಅದನ್ನೇ. ಈ ಔಷಧಿಗಳ ದೊಡ್ಡ ಅಪಾಯ ಏನೆಂದರೆ, ಗುಣ ಮಾಡುವ ಪ್ರಮಾಣಕ್ಕೂ ಜೀವ ತೆಗೆಯುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ. ಉಸಿರಾಟವೇ ನಿಂತು ಹೋಗುತ್ತಿತ್ತು. 1955ರಲ್ಲಿ ಅಮೆರಿಕದಲ್ಲಿ ಮಿಲ್ಟೌನ್ ಅನ್ನೋ ಮಾತ್ರೆ ಬಂದಾಗ ಜನ ಅಂಗಡಿಗಳಿಗೆ ಮುಗಿಬಿದ್ದರು. ಹಿಂದಿನದಕ್ಕಿಂತ ಇದು ಸುರಕ್ಷಿತ ಅನ್ನೋ ನಂಬಿಕೆ. ಅದಕ್ಕೂ ಚಟ ಹತ್ತುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಇನ್ನೊಂದು ಹೊಸದು ತಯಾರಾಗಿತ್ತು.

ಆ ಹೊಸದನ್ನು ಕಂಡುಹಿಡಿದವರು ಲಿಯೊ ಸ್ಟರ್ನ್‌ಬಾಕ್. ಅಮೆರಿಕದ ನ್ಯೂಜೆರ್ಸಿಯಲ್ಲಿ ರೋಶ್ ಕಂಪನಿಯ ಕೆಮಿಸ್ಟ್. ಒಂದಷ್ಟು ರಾಸಾಯನಿಕ ತಯಾರಿಸಿ, ಯಾವುದೂ ಕೆಲಸಕ್ಕೆ ಬರಲಿಲ್ಲ ಅಂತ ಆ ಕೆಲಸ ಬಿಟ್ಟಿದ್ದರು. 1957ರಲ್ಲಿ ಲ್ಯಾಬ್ ಸ್ವಚ್ಛ ಮಾಡುವಾಗ ಪರೀಕ್ಷೆಗೆ ಕಳಿಸದೇ ಉಳಿದಿದ್ದ ಒಂದು ಪುಡಿ ಸಿಕ್ಕಿತು. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದರೆ, ಅವು ಶಾಂತವಾದವು. ಅದೇ ಕ್ಲೋರ್‌ಡಯಾಜೆಪಾಕ್ಸೈಡ್. 1960ರಲ್ಲಿ ಲಿಬ್ರಿಯಂ ಹೆಸರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ತಮ್ಮ ಡಯಾಜೆಪಾಮ್, ಅಂದರೆ ವ್ಯಾಲಿಯಂ. ಬೆಂಜೊಡಯಾಜೆಪಿನ್ ಅನ್ನೋ ಕುಟುಂಬ ಹುಟ್ಟಿದ್ದು ಹೀಗೆ. ನಮ್ಮ ಚೀಟಿಯ ಆಲ್ಪ್ರಜೋಲಮ್, ಕ್ಲೊನಜೆಪಾಮ್ ಎರಡೂ ಇದೇ ಕುಟುಂಬದವು. 1978ರ ಒಂದೇ ವರ್ಷದಲ್ಲಿ 200 ಕೋಟಿಗೂ ಜಾಸ್ತಿ ವ್ಯಾಲಿಯಂ ಮಾತ್ರೆ ಮಾರಾಟವಾದವು. ನಮ್ಮಲ್ಲಿ 1960ರ ದಶಕದ ಕೊನೆಗೆ ರಾನ್‌ಬಾಕ್ಸಿ ಅದೇ ಡಯಾಜೆಪಾಮನ್ನು ಕಾಂಪೋಸ್ ಅಂತ ತಂದಿತು. ಸ್ವಲ್ಪ ವಯಸ್ಸಾದವರಿಗೆ ಆ ಹೆಸರು ನೆನಪಿರುತ್ತದೆ. ನಿದ್ದೆ ಮಾತ್ರೆ ಅಂದರೆ ಕಾಂಪೋಸ್ ಅನ್ನೋ ಕಾಲ ಒಂದಿತ್ತು. ಆಲ್ಪ್ರಜೋಲಮ್ ಅಮೆರಿಕದಲ್ಲಿ 1981ರಲ್ಲಿ ಬಂತು, ಆಮೇಲೆ ಇಲ್ಲಿಗೂ.

ಇಲ್ಲಿ ನನಗೆ ಸಿಟ್ಟು ಬರಿಸುವ ಸಂಗತಿ ಒಂದಿದೆ. ಈ ಗುಂಪಿನ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಏನಾಗುತ್ತದೆ ಅನ್ನೋದು ತಡವಾಗಿ ಗೊತ್ತಾದ ವಿಷಯವೇ ಅಲ್ಲ. 1961ರಲ್ಲೇ ಲಿಯೊ ಹಾಲಿಸ್ಟರ್ ಅನ್ನೋ ವೈದ್ಯರು ಅದನ್ನು ಬರೆದಿದ್ದರು. ದೊಡ್ಡ ಪ್ರಮಾಣದಲ್ಲಿ ಲಿಬ್ರಿಯಂ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ ಅದನ್ನು ಒಮ್ಮೆಲೇ ನಿಲ್ಲಿಸಿದಾಗ ನಡುಕ, ನಿದ್ದೆಗೇಡು ಕಾಣಿಸಿತು, ಕೆಲವರಿಗೆ ಫಿಟ್ಸೂ ಬಂತು. ಆದರೂ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಕೊಡಬೇಡಿ ಅಂತ ವೈದ್ಯರಿಗೆ ಖಡಕ್ಕಾಗಿ ಹೇಳಿದ್ದು 1988ರಲ್ಲಿ. ಅಮೆರಿಕದ ಔಷಧ ಇಲಾಖೆ ಈ ಇಡೀ ಗುಂಪಿನ ಮೇಲೆ ಚಟ ಮತ್ತು ಅವಲಂಬನೆಯ ಬಗ್ಗೆ ತನ್ನ ಅತಿ ಕಠಿಣ ಎಚ್ಚರಿಕೆ ಹಾಕಿಸಿದ್ದು 2020ರಲ್ಲಿ. ಅರವತ್ತು ವರ್ಷ ಹಿಡಿಯಿತು.

ಮಾತ್ರೆ ಕೆಲಸ ಮಾಡುವುದು ಹೇಗೆ? ಮೆದುಳಿಗೆ ತನ್ನದೇ ಒಂದು ಬ್ರೇಕ್ ಇದೆ. ಗಾಬಾ ಅನ್ನೋ ರಾಸಾಯನಿಕ ನರಕೋಶಗಳ ಓಟವನ್ನು ತಗ್ಗಿಸುತ್ತದೆ. ಈ ಮಾತ್ರೆ ಗಾಬಾದ ಜೊತೆ ಸೇರಿ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಎದೆಬಡಿತ ಇಳಿಯುತ್ತದೆ, ಮೈ ಸಡಿಲವಾಗುತ್ತದೆ. ಆದರೆ ವಾರಗಟ್ಟಲೆ ಹೀಗೇ ನಡೆದರೆ ಮೆದುಳು ಇದಕ್ಕೆ ಹೊಂದಿಕೊಂಡು ಬಿಡುತ್ತದೆ. ಅರ್ಧ ಮಾತ್ರೆ ಸಾಕಿದ್ದವರಿಗೆ ಒಂದು ಬೇಕಾಗುತ್ತದೆ. ಒಂದು ದಿನ ತಪ್ಪಿದರೆ ಮೊದಲಿನದಕ್ಕಿಂತ ಜೋರಾದ ಗಾಬರಿ. ಆಗ ಮನೆಯವರು ಏನಂತಾರೆ? ನೋಡು, ಕಾಯಿಲೆ ಇನ್ನೂ ಇದೆ, ಮಾತ್ರೆ ಬಿಡಬೇಡ ಅಂತಾರೆ. ನಿಜವಾಗಿ ಅದರಲ್ಲಿ ಬಹುಪಾಲು ಮಾತ್ರೆ ಬಿಟ್ಟದ್ದರ ಗಾಬರಿ. ಆಲ್ಪ್ರಜೋಲಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು. ಹಾಗಾಗಿ ಈ ಏರಿಳಿತ ಅದರಲ್ಲಿ ಬೇಗ ಗೊತ್ತಾಗುತ್ತದೆ. ಡಯಾಜೆಪಾಮ್ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ.

ಇನ್ನೊಂದು ತೊಡಕು ಚೀಟಿಯಲ್ಲೇ ಇದೆ. ಗಾಬರಿ ಕಾಯಿಲೆಗೆ ದೀರ್ಘಕಾಲಕ್ಕೆ ಕೊಡುವ ಔಷಧಿ ಬೇರೆ, ಎಸಿಟಾಲೊಪ್ರಾಮ್ ಥರದ್ದು. ಅದು ಹಿಡಿತಕ್ಕೆ ಬರಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ತಾಳಿಕೊಳ್ಳಲಿ ಅಂತ ವೈದ್ಯರು ಕ್ಲೊನಜೆಪಾಮ್ ಸೇರಿಸುತ್ತಾರೆ. ರೋಗಿ ನೋಡುವುದು ಏನನ್ನು? ಒಂದು ನುಂಗಿದ ಕೂಡಲೇ ಆರಾಮ, ಇನ್ನೊಂದರಿಂದ ಏನೂ ಆಗಲ್ಲ, ಹೊಟ್ಟೆ ಬೇರೆ ತೊಳಸುತ್ತದೆ. ಹಾಗಾಗಿ ಉಳಿಸಿಕೊಳ್ಳಬೇಕಾದ್ದನ್ನು ಬಿಟ್ಟು, ಬಿಡಬೇಕಾದ್ದನ್ನು ಉಳಿಸಿಕೊಳ್ಳುತ್ತಾರೆ. ತಪ್ಪು ರೋಗಿಯದು ಅಂತ ಹೇಳಲು ನನಗೆ ಮನಸ್ಸು ಬರಲ್ಲ. ಇದನ್ನು ಬಿಡಿಸಿ ಹೇಳಲು ಎರಡು ನಿಮಿಷ ಸಾಕು. ಹೊರಗೆ ಐವತ್ತು ಜನ ಕಾಯುತ್ತಿರುವಾಗ ಆ ಎರಡು ನಿಮಿಷವೇ ಸಿಗುವುದಿಲ್ಲ. ಎರಡನ್ನೂ ಸೇರಿಸಿದ ಒಂದೇ ಮಾತ್ರೆಯೂ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಒಂದನ್ನು ಮಾತ್ರ ಇಳಿಸುವುದು ಹೇಗೆ ಹೇಳಿ!

ತಾನು ಇಂಥ ಮಾತ್ರೆ ತಿನ್ನುತ್ತಿದ್ದೇನೆ ಅಂತ ಗೊತ್ತೇ ಇಲ್ಲದವರೂ ಇದ್ದಾರೆ. ಹೊಟ್ಟೆನೋವು, ಗ್ಯಾಸ್ಟ್ರಿಕ್, ಪದೇ ಪದೇ ಬೇಧಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಬೆರೆತಿರುತ್ತದೆ. ದಿನಾ ಸಂಜೆ ಮಿರ್ಚಿ ಮಂಡಕ್ಕಿ ತಿನ್ನುವ ಊರಲ್ಲಿ ಗ್ಯಾಸ್ಟ್ರಿಕ್ ಮಾತ್ರೆಗೆ ಬರವಿಲ್ಲ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಒಮ್ಮೆ ಓದಿ, ಓದಲಾಗದಿದ್ದರೆ ಮಕ್ಕಳ ಕೈಯಲ್ಲಿ ಓದಿಸಿ.

ಕಾನೂನು ಇಲ್ಲದೇ ಇಲ್ಲ. ವಿಶ್ವಸಂಸ್ಥೆ 1984ರಲ್ಲಿ ಬೆಂಜೊಡಯಾಜೆಪಿನ್‌ಗಳನ್ನು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ತಂದಿತು. ನಮ್ಮ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ತಡೆ ಕಾಯ್ದೆ, ಬಂದದ್ದು 1985ರಲ್ಲಿ. ಡಯಾಜೆಪಾಮ್, ಆಲ್ಪ್ರಜೋಲಮ್ ಅದರ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಚೀಲಗಟ್ಟಲೆ ಇಟ್ಟುಕೊಂಡರೆ ಗಾಂಜಾ ಕೇಸಿನಂಥದ್ದೇ ಕೇಸು. ಅಂಗಡಿಗಳಿಗೆ ಸಂಬಂಧಿಸಿದ್ದು ಶೆಡ್ಯೂಲ್ ಎಚ್1, ಅಂದರೆ ಲೆಕ್ಕ ಇಟ್ಟು ಮಾರಬೇಕಾದ ಔಷಧಿಗಳ ಪಟ್ಟಿ. 2013ರ ಆಗಸ್ಟ್‌ನಲ್ಲಿ ಹೊರಟ ಆದೇಶ, 2014ರ ಮಾರ್ಚ್ 1ರಿಂದ ಜಾರಿ. ಮೊದಲ ಪಟ್ಟಿಯಲ್ಲಿ 46 ಔಷಧಿ. ಇವುಗಳನ್ನು ಮಾರಿದಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನೋದನ್ನು ಬೇರೆಯೇ ರಿಜಿಸ್ಟರಿನಲ್ಲಿ ಬರೆಯಬೇಕು. ಮೂರು ವರ್ಷ ಆ ಪುಸ್ತಕ ಇಟ್ಟಿರಬೇಕು. ಖಾಲಿ ಸ್ಟ್ರಿಪ್ ನೋಡಿ ಕೊಡುವಂತಿಲ್ಲ. ಇದನ್ನು ಶಿಸ್ತಾಗಿ ಪಾಲಿಸುವ ಅಂಗಡಿಯವರು ಇದ್ದಾರೆ, ಗಿರಾಕಿಗಳಿಂದ ಬೈಸಿಕೊಳ್ಳುವವರೂ ಅವರೇ. ಪಕ್ಕದ ಅಂಗಡಿಯಲ್ಲಿ ಕೊಡ್ತಾರೆ, ನಿಮ್ಮದೇನು ಅಂತ!

ದುರುಪಯೋಗ ಎಷ್ಟಿದೆ? ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. 10ರಿಂದ 75 ವರ್ಷದವರಲ್ಲಿ ಶೇ. 1.08 ಜನ, ಅಂದರೆ ಸುಮಾರು 1.18 ಕೋಟಿ ಮಂದಿ ವೈದ್ಯರ ಸಲಹೆ ಇಲ್ಲದೆ ಮಂಪರಿನ ಔಷಧಿ ಬಳಸುತ್ತಿದ್ದರು. ತೆಲಂಗಾಣದ್ದು ಇನ್ನೂ ವಿಚಿತ್ರ ಕಥೆ. ಅಲ್ಲಿ ಸೇಂದಿಗೆ ಡಯಾಜೆಪಾಮ್, ಆಲ್ಪ್ರಜೋಲಮ್ ಬೆರೆಸುವ ದಂಧೆ ಹಳೆಯದು. 2015ರಲ್ಲಿ ಸರ್ಕಾರ ಬಿಗಿ ಮಾಡಿದಾಗ ಸೇಂದಿ ಕುಡಿಯುತ್ತಿದ್ದವರು ನಡುಗುತ್ತಾ, ಬಡಬಡಿಸುತ್ತಾ ಆಸ್ಪತ್ರೆ ಸೇರಿದರು. ಅವರಿಗೆ ಹತ್ತಿದ್ದು ಸೇಂದಿಯ ಚಟ ಮಾತ್ರ ಆಗಿರಲಿಲ್ಲ.

ನಮ್ಮ ಕಡೆ ಅಪಾಯ ಅಷ್ಟು ದೊಡ್ಡ ಸುದ್ದಿಯಾಗಿ ಬರಲ್ಲ. ಮಾವನಿಗೆ ನಿದ್ದೆ ಬರಲ್ಲ ಅಂತ ಸೊಸೆ ತನ್ನ ಸ್ಟ್ರಿಪ್ಪಿನಿಂದ ಒಂದು ಕೊಡುತ್ತಾಳೆ. ವಯಸ್ಸಾದವರ ಮೈಯಿಂದ ಔಷಧಿ ನಿಧಾನಕ್ಕೆ ಹೊರಹೋಗುತ್ತದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತೂರಾಡಿ ಬಿದ್ದರೆ ಸೊಂಟದ ಮೂಳೆ ಮುರಿಯಿತು ಅಂತಲೇ ಲೆಕ್ಕ. ಹಗಲಲ್ಲೂ ಮರೆವು, ಮಂಕು. ವಯಸ್ಸಾಯಿತಲ್ಲ ಅಂತ ಮನೆಯವರು ಸುಮ್ಮನಾಗುತ್ತಾರೆ. ಹೈವೇಯಲ್ಲಿ ಚಿತ್ರದುರ್ಗ ದಾಟಿ ರಾತ್ರಿಯಿಡೀ ಲಾರಿ ಓಡಿಸುವವರಿಗೆ ಹಿಂದಿನ ರಾತ್ರಿಯ ಮಾತ್ರೆಯ ಮಂಪರು ಮರುದಿನವೂ ಇರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಮಾತ್ರೆಯ ಜೊತೆ ಕುಡಿತ. ಎರಡೂ ಒಂದೇ ಬ್ರೇಕನ್ನು ಒತ್ತುತ್ತವೆ, ಉಸಿರಾಟ ನಿಧಾನವಾಗುತ್ತಾ ಹೋಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆಗೂ ಇದೇ ಅಪಾಯ.

ಇಷ್ಟೆಲ್ಲ ಓದಿ ಯಾರಾದರೂ ನಾಳೆಯಿಂದಲೇ ಮಾತ್ರೆ ಬಿಟ್ಟುಬಿಟ್ಟರೆ ನನ್ನ ಬರಹ ಅನಾಹುತ ಮಾಡಿದಂತೆ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಲೇಬಾರದು, ಫಿಟ್ಸ್ ಬರಬಹುದು. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಅನ್ನೋ ವೈದ್ಯೆ 1982ರಿಂದ 12 ವರ್ಷ ಮಾತ್ರೆ ಬಿಡಿಸುವ ಕ್ಲಿನಿಕ್ ನಡೆಸಿದರು. ಅವರು ಕಂಡುಕೊಂಡ ದಾರಿ ಸರಳ. ಬೇಗ ಇಳಿಯುವ ಮಾತ್ರೆಯ ಬದಲು ನಿಧಾನಕ್ಕೆ ಇಳಿಯುವ ಡಯಾಜೆಪಾಮ್‌ಗೆ ಬದಲಾಯಿಸುವುದು, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಸ್ವಲ್ಪ ಸ್ವಲ್ಪ ಇಳಿಸುವುದು. ತಿಂಗಳುಗಳೇ ಹಿಡಿಯಬಹುದು. ಕೊನೆಯ ಕಾಲು ಮಾತ್ರೆ ಬಿಡುವುದೇ ಎಲ್ಲಕ್ಕಿಂತ ಕಷ್ಟ ಅನ್ನುವವರು ಬಹಳ. ಲೆಕ್ಕ ಹಾಕಬೇಕಾದವರು ವೈದ್ಯರು, ನಾವಲ್ಲ.

ಆ ವೈದ್ಯರು ಸಿಗುವುದೆಲ್ಲಿ? ಮಾನಸಿಕ ಡಾಕ್ಟರ ಹತ್ತಿರ ಹೋದರೆ ಜನ ಏನಂತಾರೋ ಅನ್ನೋ ಹೆದರಿಕೆ ಇನ್ನೂ ಇದೆ. ಆದರೆ ಹಳ್ಳಿಯ ಸರ್ಕಾರಿ ಡಾಕ್ಟರಿಗೇ ಮನಸ್ಸಿನ ಕಾಯಿಲೆಯ ತರಬೇತಿ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯಲ್ಲಿ. ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಷ್ಟು ದೂರವೂ ಆಗದಿದ್ದರೆ ಟೆಲಿಮನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.