ಮಳೆಗಾಲದ ಬೆಣ್ಣೆ ಯಾಕೆ ನಾರುತ್ತದೆ?

ಪ್ರಶ್ನೆ: ಮಳೆ ಹಿಡಿದರೆ ನಮ್ಮ ಮನೆಯ ಬೆಣ್ಣೆಗೆ ವಾಂತಿಯಂಥ ವಾಸನೆ ಬರುತ್ತದೆ. ಎಸೆಯಬೇಕಾ, ತುಪ್ಪ ಕಾಯಿಸಬಹುದಾ?

ಬೆಣ್ಣೆಯನ್ನು ಎಸೆಯುವ ಮೊದಲು ಒಂದು ಸಲ ತೊಳೆದು ನೋಡಿ.

ಮಡಿಕೇರಿಯ ನಮ್ಮ ಮನೆಯಲ್ಲೂ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಇದೇ ಪಾಡು. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಫ್ರಿಜ್‌ನಲ್ಲಿ ಕೂಡಿಟ್ಟ ಕೆನೆ ಹುಳಿ ಹಿಡಿಯುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವುದು ಬ್ಯುಟಿರಿಕ್ ಆಮ್ಲ. ಹೆಸರೂ ಬೆಣ್ಣೆಯದ್ದೇ, ಲ್ಯಾಟಿನ್‌ನಲ್ಲಿ ಬೆಣ್ಣೆಗೆ ಬ್ಯುಟಿರಮ್ ಎನ್ನುತ್ತಾರೆ. ಪಾರ್ಮೆಸಾನ್ ಚೀಸ್‌ನ ಘಾಟಿನಲ್ಲೂ ಇದರ ಪಾಲಿದೆ.

ಇದು ಹೊರಗಿನಿಂದ ಬಂದು ಸೇರಿದ್ದಲ್ಲ. ಹಾಲಿನ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 3ರಿಂದ 4 ಭಾಗ ಇದೇ ಇದೆ. ಆದರೆ ಅಲ್ಲಿ ಕೊಬ್ಬಿನ ಬೆನ್ನೆಲುಬಾದ ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿರುವವರೆಗೆ ವಾಸನೆ ಇಲ್ಲ. ನೀರಿನ ಪಸೆಯ ಜೊತೆಗೆ ಲೈಪೇಸ್ ಎಂಬ ಕಿಣ್ವ ಸೇರಿದರೆ ಆ ಕೊಂಡಿ ಕಳಚುತ್ತದೆ. ಹಾಲು ಕಾಯಿಸಿದಾಗ ಹಾಲಿನದೇ ಲೈಪೇಸ್ ಕೆಲಸ ನಿಲ್ಲಿಸುತ್ತದೆ, ನಿಜ. ಆಮೇಲೆ ಕೆನೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಮತ್ತೆ ತಯಾರಿಸುತ್ತವೆ.

ನನ್ನ ಅಜ್ಜಿ ಬೆಣ್ಣೆ ಉಂಡೆಯನ್ನು ಬಾವಿಯ ತಣ್ಣೀರಲ್ಲಿ ಅಂಗೈಯಿಂದ ಒತ್ತಿ ಒತ್ತಿ ತೊಳೆಯುತ್ತಿದ್ದರು. ಮೊದಲ ನೀರು ಬೆಳ್ಳಗೆ ಮಜ್ಜಿಗೆಯ ಹಾಗೆ. ಎರಡನೆಯದು ಮಸುಕು. ನಾಲ್ಕೋ ಐದೋ ಸಲಕ್ಕೆ ಪಾತ್ರೆಯ ತಳ ಕಾಣುತ್ತಿತ್ತು. ಅಲ್ಲಿಯವರೆಗೆ ಬಿಡುತ್ತಿರಲಿಲ್ಲ. ಅವರು ಮಾಡಿದ್ದು ಎಷ್ಟು ಸರಿ ಎಂದು ನನಗೆ ತಿಳಿದದ್ದು ತುಂಬಾ ತಡವಾಗಿ. ಬ್ಯುಟಿರಿಕ್ ಆಮ್ಲದಲ್ಲಿ ಇರುವುದು ನಾಲ್ಕೇ ಕಾರ್ಬನ್. ಬೆಣ್ಣೆ ನೀರಿಗೆ ಸೇರುವುದಿಲ್ಲ, ಬಿಡಿಯಾದ ಈ ಪುಟ್ಟ ಆಮ್ಲ ಸಲೀಸಾಗಿ ಸೇರುತ್ತದೆ. ನೀರು ಚೆಲ್ಲಿದಂತೆ ವಾಸನೆಯೂ ಇಳಿಯುತ್ತದೆ.

ತೊಳೆದ ದಿನವೇ ತುಪ್ಪ ಕಾಯಿಸಿ. ನೀರು ಪೂರ್ತಿ ಆರಿದ ತುಪ್ಪದಲ್ಲಿ ಕೊಂಡಿ ಕಳಚುವುದು ಕಷ್ಟ. ತೊಳೆಯದೆ ಸುಮ್ನೆ ಕಾಯಿಸಿದರೆ ಸಾಲದು. ಈ ಆಮ್ಲ ಕುದಿಯುವುದು ಸುಮಾರು 163 ಡಿಗ್ರಿ ಸೆಲ್ಸಿಯಸ್‌ಗೆ. ಹಬೆಯ ಜೊತೆ ಸ್ವಲ್ಪ ಹೋಗಿ ಮನೆಯೆಲ್ಲ ನಾರುತ್ತದೆ, ಉಳಿದದ್ದು ತುಪ್ಪದಲ್ಲೇ ಕೂರುತ್ತದೆ.

ಆಮ್ಲಕ್ಕೆ ಹೆದರಬೇಡಿ. ನಾವು ತಿಂದ ನಾರಿನಂಶದಿಂದ ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೂ ಇದನ್ನೇ ಮಾಡುತ್ತವೆ, ಅಲ್ಲಿನ ಜೀವಕೋಶಗಳಿಗೆ ಅದೇ ಆಹಾರ. ಆದರೆ ಕೆನೆ ಉಬ್ಬಿದ್ದರೆ, ಲೋಳೆಯಾಗಿದ್ದರೆ, ಬೂಷ್ಟು ಹಿಡಿದಿದ್ದರೆ ಎಸೆದುಬಿಡಿ, ತೊಳೆಯುವ ಯೋಚನೆಯೇ ಬೇಡ. ಹಳೆ ಎಣ್ಣೆಯ ಕಮಟು ಬಂದ ಬೆಣ್ಣೆಯೂ ಅಷ್ಟೇ. ಅದು ಗಾಳಿ ತಾಗಿ ಕೆಟ್ಟದ್ದು, ನೀರಿಗೆ ಬಗ್ಗುವುದಿಲ್ಲ.

ಮಳೆಗಾಲದಲ್ಲಿ ಕೆನೆಯನ್ನು ಜಾಸ್ತಿ ದಿನ ಕೂಡಿಡಬೇಡಿ. ಕಕ್ಕಡ 18ರಂದು ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದುಪುಟ್ಟಿಗೆ ತುಪ್ಪ ಬೇಕೇ ಬೇಕು ಅಲ್ವಾ? ಮೇ ತಿಂಗಳಲ್ಲಿ, ಕರೆಂಟ್ ಇರುವಾಗಲೇ, ಕಾಯಿಸಿ ಒಣ ಬಾಟಲಿಗೆ ತುಂಬಿಡಿ.