ಬಾವಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಸಾಕೇ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ, ಹೇಮಾವತಿ ಹೊಳೆಯ ಪಕ್ಕದ ಮನೆ. ಮಳೆ ಜೋರಾದಾಗ ಹೊಳೆ ನೀರು ಬಾವಿಗೆ ನುಗ್ಗಿತ್ತು. ಪರಿಹಾರಕ್ಕೆಂದು ಬಂದ ಸ್ವಯಂಸೇವಕರು ಬಾವಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚಿ, ಒಂದಿಷ್ಟು ಮಾತ್ರೆ, ಎರಡು ಪೊಟ್ಟಣ ಒಆರ್‌ಎಸ್ ಕೊಟ್ಟು ಹೋದರು. ಈಗ ಆ ನೀರು ಕುಡಿಯಬಹುದೇ?

ಉತ್ತರ: ಇನ್ನೂ ಬೇಡ. ಬಂದವರ ಮನಸ್ಸು ಒಳ್ಳೆಯದೇ. ಆದರೆ ಅವರು ಬಾವಿಯನ್ನು ಅಳೆಯಲಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ರಸ್ತೆ ಬಂದ್ ಆಗಿದ್ದ ದಿನಗಳು. ನಾವು ನಾಲ್ಕೈದು ಜನ ಜೀಪಿನಲ್ಲಿ ಪೌಡರ್ ಚೀಲ ಹೇರಿಕೊಂಡು ಆ ತಾಲ್ಲೂಕಿನ ಊರೂರು ಸುತ್ತಿದೆವು. ಕಂಡ ಬಾವಿಗೆಲ್ಲ ಧಾರಾಳವಾಗಿ ಸುರಿದೆವು. ಮರುದಿನ ಒಂದು ಮನೆಗೆ ತಿರುಗಿ ಹೋದರೆ ಅಜ್ಜಿ ಲೋಟದಲ್ಲಿ ನೀರು ತಂದು ನನ್ನ ಮೂಗಿನ ಹತ್ತಿರ ಹಿಡಿದರು. "ತಮ್ಮಾ, ಇದು ನೀರೋ ಫಿನಾಯಿಲೋ? ಕಾಫಿಗೆ ಹಾಕಿದರೆ ಹಾಲೂ ದಂಡ" ಎಂದರು. ಅವರ ಸೊಸೆ ಅಷ್ಟರಲ್ಲಿ ಕೊಡ ಹಿಡಿದು ತೋಟದಾಚೆಯ ಹಳ್ಳದಿಂದ ನೀರು ತಂದಾಗಿತ್ತು. ಹಳ್ಳದ ಮೇಲ್ಗಡೆ ಯಾರದೋ ಕೊಟ್ಟಿಗೆ ಕೊಚ್ಚಿ ಹೋಗಿತ್ತು. ಪೌಡರ್ ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ, ಹೆಚ್ಚಾದರೆ ಜನ ಆ ನೀರನ್ನೇ ಮುಟ್ಟುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸಿ, ಮೇಲೆತ್ತಿ, ಹಗ್ಗ ಎಷ್ಟುದ್ದ ಒದ್ದೆಯಾಗಿದೆ ಎಂದು ಅಳೆಯಿರಿ. ಅದು ನೀರಿನ ಆಳ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ಆಳದಿಂದ, ಮತ್ತೆ 0.785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಘನ ಮೀಟರಿನಲ್ಲಿ ಬರುತ್ತದೆ. ಒಂದು ಘನ ಮೀಟರ್ ಎಂದರೆ 1000 ಲೀಟರ್. 2 ಮೀಟರ್ ಅಗಲದ ರಿಂಗ್ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್ ಆಯಿತು. ತಿಳಿಯಾದ ನೀರಿಗೆ, ಒಳ್ಳೆಯ ಪೌಡರ್ ಆದರೆ, 1000 ಲೀಟರಿಗೆ ಸುಮಾರು 2.5 ಗ್ರಾಂ ಎಂಬುದು ರೂಢಿಯ ಪ್ರಮಾಣ. ಅಂದರೆ ಈ ಬಾವಿಗೆ 24 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬನ್ನಿ. ಒಬ್ಬರ ಹಿಡಿಗೂ ಇನ್ನೊಬ್ಬರ ಹಿಡಿಗೂ ಹೋಲಿಕೆಯಿಲ್ಲ.

"ಒಳ್ಳೆಯ ಪೌಡರ್" ಎಂದು ಬೇಕೆಂದೇ ಹೇಳಿದೆ. ಹೊಸ ಪೌಡರಿನಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲ ನಮ್ಮ ಆಷಾಢದ ಥಂಡಿಯಲ್ಲಿ ನಾಲ್ಕು ದಿನ ಕೂತರೆ ಶಕ್ತಿ ಇಳಿಯುತ್ತಾ ಹೋಗುತ್ತದೆ. ಗಂಟುಗಟ್ಟಿ, ಮೂಗಿಗೆ ಘಾಟು ಹೊಡೆಯದ ಪೌಡರನ್ನು ಪರಿಹಾರವೆಂದು ಹಂಚುವುದೂ ಒಂದೇ, ಸುಣ್ಣ ಹಂಚುವುದೂ ಒಂದೇ.

ಎರಚುವುದೂ ತಪ್ಪು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಪೌಡರನ್ನು ಕಲಸಿ, ಬಕೆಟ್ಟಿನ ಮುಕ್ಕಾಲಿನವರೆಗೆ ನೀರು ತುಂಬಿ, ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಸಿದು, ಆ ಬಕೆಟ್ಟನ್ನು ಬಾವಿಯ ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಎಲ್ಲಕ್ಕಿಂತ ಅನುಕೂಲ, ವಾಸನೆಯೂ ತಗ್ಗಿರುತ್ತದೆ.

ಇದಿಷ್ಟೂ ದಿನನಿತ್ಯದ ಮಾತು. ನಿಮ್ಮ ಬಾವಿ ಮುಳುಗಿದ್ದು. ಹೊಳೆ ನೀರಿನ ಜೊತೆ ಕಕ್ಕಸು ಗುಂಡಿ, ತಿಪ್ಪೆ, ಸತ್ತ ಇಲಿ ಎಲ್ಲವೂ ಅದರೊಳಗೆ ಬಂದಿವೆ. ಕೆಸರು ನೀರಿಗೆ ಹಾಕಿದ ಕ್ಲೋರಿನ್ನನ್ನು ಕೆಸರೇ ತಿಂದು ಹಾಕುತ್ತದೆ. ಆದ್ದರಿಂದ ಮೊದಲು ಕಸ ತೆಗೆದು, ಪಂಪ್ ಇಟ್ಟು ನೀರು ಹೊರಹಾಕಬೇಕು. ಸುತ್ತಲಿನ ನೆಲ ಇನ್ನೂ ನೀರು ಕುಡಿದು ನಿಂತಿರುವಾಗ ಒಂದೇ ಸಲಕ್ಕೆ ಪೂರ್ತಿ ಬರಿದು ಮಾಡಬೇಡಿ, ಬಾವಿಯ ಗೋಡೆ ಒಳಗೆ ಕುಸಿದೀತು. ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು, ಅದರ ಹೊಗೆ ಒಳಗೆ ಇಳಿದವರ ಪ್ರಾಣ ತೆಗೆಯುತ್ತದೆ. ನೀರು ತಿಳಿಯಾದ ಮೇಲೆ ಮೊದಲ ಸಲ ರೂಢಿಗಿಂತ ಹಲವು ಪಟ್ಟು ಕ್ಲೋರಿನ್ ಹಾಕಿ, ಆ ನೀರನ್ನೂ ಹೊರಚೆಲ್ಲಬೇಕು. ಎಷ್ಟು ಪಟ್ಟು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರು ಬಾವಿ ನೋಡಿ ಹೇಳಲಿ. ಮೇಲಿನ ಲೆಕ್ಕ ನಿಮಗೆ ಬೇಕಾಗುವುದು ಇದಾದ ನಂತರ.

ತೋಟದವರಿಗೆ ಇನ್ನೊಂದು ಮಾತು. ಮೈಲುತುತ್ತ, ಕೀಟನಾಶಕ ಇಟ್ಟಿದ್ದ ಕೋಣೆ ಮುಳುಗಿ ಆ ನೀರು ಬಾವಿಗೆ ಬಂದಿದ್ದರೆ ಕ್ಲೋರಿನ್ ಏನೂ ಮಾಡಲಾರದು, ಕುದಿಸಿದರೂ ವಿಷ ಹೋಗುವುದಿಲ್ಲ. ಪ್ರಯೋಗಾಲಯದ ವರದಿ ಬರುವವರೆಗೆ ಆ ಬಾವಿಯ ಆಸೆ ಬಿಡಿ.

ಅಲ್ಲಿಯವರೆಗೆ ಕುಡಿಯಲು ಟ್ಯಾಂಕರ್ ನೀರೋ, ಬೇರೆ ಕಡೆಯ ಒಳ್ಳೆಯ ನೀರೋ ತನ್ನಿ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ. ಸೌದೆಯೆಲ್ಲ ನೆನೆದಿರುವ ಮನೆಯಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಎಂಬುದು ಗೊತ್ತು. ಆಶಾ ಕಾರ್ಯಕರ್ತೆಯ ಬಳಿ ಕ್ಲೋರಿನ್ ಮಾತ್ರೆ ಇದೆಯೇ ಕೇಳಿ. ಒಂದು ಮಾತ್ರೆ ಎಷ್ಟು ಲೀಟರಿಗೆ ಎಂಬುದು ಪೊಟ್ಟಣದ ಮೇಲೆಯೇ ಇರುತ್ತದೆ.

ಕೊಟ್ಟು ಹೋದ ಮಾತ್ರೆಗಳ ಬಗ್ಗೆ: ಒಆರ್‌ಎಸ್ ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ಬರೆದಷ್ಟು ಶುದ್ಧ ನೀರಿಗೆ ಇಡೀ ಪೊಟ್ಟಣ ಹಾಕಬೇಕು, ಲೋಟಕ್ಕೆ ಚಿಟಿಕೆ ಲೆಕ್ಕವಲ್ಲ. ಹೆಸರಿಲ್ಲದ ಆಂಟಿಬಯಾಟಿಕ್ ಇದ್ದರೆ ವೈದ್ಯರಿಗೆ ತೋರಿಸದೆ ನುಂಗಬೇಡಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿ ಜ್ವರವಿರಬಹುದು. ಆಸ್ಪತ್ರೆಗೆ ಹೋಗಿ, ಕೆಸರಿನಲ್ಲಿ ಓಡಾಡಿದ್ದನ್ನು ಮರೆಯದೆ ಹೇಳಿ. ನಾವು ತಿರುಗಿದ ಊರುಗಳಲ್ಲಿ ಹೆಚ್ಚಿನವರು ಕೇಳಿದ್ದು ಹೊಸ ಔಷಧವನ್ನಲ್ಲ, ನೀರಿನಲ್ಲಿ ಹೋದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು. ಚೀಟಿಯೂ ಹೋಗಿತ್ತು. ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಬರೀ ಕೆಮ್ಮಿನ ಸಿರಪ್.

ಬಾವಿ ಸರಿಹೋಯಿತೇ ಎಂದು ತಿಳಿಯಲು ಪಂಚಾಯಿತಿಯಲ್ಲಿ ಎಚ್2ಎಸ್ ಬಾಟಲಿ ಕೇಳಿ. ನೀರಿಗೆ ಮಲದ ರೋಗಾಣು ಸೇರಿದ್ದರೆ ಕಪ್ಪು ಬಣ್ಣ ತೋರಿಸುವ ಪರೀಕ್ಷಾ ಬಾಟಲಿ ಅದು. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಡಬೇಕು. ಮಲೆನಾಡಿನ ಚಳಿಗೆ ಪರೀಕ್ಷೆ ನಿಧಾನವಾಗುತ್ತದೆ, ಒಲೆಯ ಹತ್ತಿರದ ಗೂಡಿನಲ್ಲಿ ಮಕ್ಕಳ ಕೈಗೆ ಸಿಗದಂತೆ ಬೆಚ್ಚಗಿಡಿ. ನೀರು ಕಪ್ಪಾದರೆ ಹಗ್ಗ, ಕಲ್ಲು, ತಕ್ಕಡಿ ಮತ್ತೆ ಹೊರತೆಗೆಯಿರಿ.